ಒಳತೋಳಿನ ನೀಲಿ

ಇಂಚರಾಳ ಹೆಬ್ಬೆರಳಿಗೆ ತೊಡಿಸಿದ್ದ ಉಂಗುರ ಮೂರು ನಿಮಿಷ ಹಸಿರಾಗಿ ಮಿನುಗಿ, ಆಮೇಲೆ ಕೆಂಪಾಯಿತು. ಚಿಕ್ಕೋಡಿಯ ಕುಸ್ತಿ ಅಖಾಡದ ಹಿಂದಿನ ಕೋಣೆಯಲ್ಲಿ ಇದ್ದವರು ಮೂವರೇ: ಹತ್ತೊಂಬತ್ತರ ಇಂಚರಾ, ಅವಳಿಗೆ ದೊಡ್ಡಪ್ಪನೂ ಕುಸ್ತಿ ಕಲಿಸುವ ವಸ್ತಾದನೂ ಆದ ಸತ್ಯಪ್ಪ ಖೋತ, ಆ ಉಂಗುರವನ್ನು ಕಂಡುಹಿಡಿದ ಡಾ. ಪದ್ಮಾವತಿ ಉಪಾಧ್ಯೆ. 2061ರಲ್ಲಿ ಈ ‘ಮಜ್ಜೆಗಣ್ಣಿ’ನ ಪರೀಕ್ಷೆಯಾಗದೆ ಯಾವ ಕುಸ್ತಿಪಟುವೂ ಪಂದ್ಯಾವಳಿಯ ಕಡೇ ಕುಸ್ತಿಗೆ ಮಣ್ಣಿಗಿಳಿಯುವಂತಿರಲಿಲ್ಲ.

ಉಗುರಿನಡಿಯ ನಾಳಗಳು ಎಷ್ಟು ಸಪೂರವೆಂದರೆ ರಕ್ತಕಣಗಳು ಅಲ್ಲಿ ಒಂದರ ಹಿಂದೊಂದು ಸಾಲುಗಟ್ಟಿಯೇ ಸಾಗಬೇಕು. ಉಂಗುರ ಬೆಳಕು ಹಾಯಿಸಿ ಅವನ್ನು ಎಣಿಸುತ್ತಿತ್ತು. ಎಲುಬಿನೊಳಗಿನ ಮಜ್ಜೆ ಕೆಟ್ಟರೆ ಬಲಿಯದ ಬಿಳಿಕಣಗಳು ಹೊರಬೀಳುತ್ತವೆ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಇಂಚರಾಳಲ್ಲಿ ಎರಡೂ ಆಗಿದ್ದವು. ಇದು ರಕ್ತದ ಕ್ಯಾನ್ಸರ್, ಇವತ್ತೇ ಚಿಕಿತ್ಸೆ ಶುರುವಾದರೆ ಉಳಿದಾಳು, ತಲೆಗೆ ಒಂದು ಪೆಟ್ಟು ಬಿದ್ದರೆ ಉಳಿಯಲಾರಳು ಎಂದು ಪದ್ಮಾವತಿ ಸುತ್ತಿಬಳಸದೆ ಹೇಳಿದಳು.

ಸತ್ಯಪ್ಪನ ಪಿತ್ತ ನೆತ್ತಿಗೇರಿತು. ಎಂಟು ವರ್ಷ ತಿದ್ದಿ ತೀಡಿದ ಹುಡುಗಿ, ಇವತ್ತು ಕಡೇ ಕುಸ್ತಿ! ಎದುರಾಳಿಯ ಕಡೆಯವರು ಈ ಡಾಕ್ಟರಮ್ಮನ ಕೈ ಬೆಚ್ಚಗೆ ಮಾಡಿರಬೇಕು ಎಂದುಕೊಂಡವನೇ ಉಂಗುರ ಕಿತ್ತು ಗೋಡೆಗೆ ಅಪ್ಪಳಿಸಿದ. ಅಡ್ಡ ಬಂದ ಪದ್ಮಾವತಿಯನ್ನು ರಟ್ಟೆ ಹಿಡಿದು ದಬ್ಬಿದಾಗ ಬೆಂಚಿನ ಅಂಚು ತಗುಲಿ ಅವಳ ಹುಬ್ಬು ಒಡೆಯಿತು. ನನಗೂ ಆಗುತ್ತಿಲ್ಲ, ಸುಸ್ತು ಎಂದು ಇಂಚರಾ ಗೊಣಗಿದ್ದಕ್ಕೆ ತೊಡೆಯ ಮೇಲೆ ಬೆತ್ತ ಬಿತ್ತು. ತಿಂಗಳಿಂದ ಅವಳಿಗೆ ಸುಸ್ತು, ತಿಂಗಳಿಂದ ಅವನದು ಅದೇ ಮದ್ದು. ಡಾಕ್ಟರ ಫೋನು ಕಸಿದು, ಅವಳನ್ನು ಒಳಗಿಟ್ಟು ಚಿಲಕ ಹಾಕಿ, ಪರೀಕ್ಷೆ ಮುಗಿಯಿತೆಂದು ತೀರ್ಪು ಕೊಡುವ ಪಂಚರಿಗೆ ಹೇಳಿದ.

ಎದುರಾಳಿ ಮೊದಲ ಪಟ್ಟಿಗೇ ಅವಳನ್ನು ಎತ್ತಿ ಒಗೆದಳು. ಇಂಚರಾ ಎದ್ದಳು. ಎರಡನೇ ಸಲ ಮೊಣಕೈ ಮೂಗಿಗೆ ಬಡಿಯಿತು, ಜನ ಕೇಕೆ ಹಾಕಿದರು. ಅಖಾಡದಲ್ಲಿ ಮೂಗೊಡೆಯುವುದು ಹೊಸದಲ್ಲ, ಹಿಡಿ ಮಣ್ಣು ಒತ್ತಿದರೆ ನಿಲ್ಲುತ್ತದೆ ಎಂಬುದು ಅವರ ರೂಢಿ. ಸತ್ಯಪ್ಪ ಮೂರು ಹಿಡಿ ಒತ್ತಿದ. ಮಣ್ಣು ಕೆಸರಾಯಿತೇ ಹೊರತು ರಕ್ತ ನಿಲ್ಲಲಿಲ್ಲ. ಆಗ ಅವನ ಜೀವ ಬಾಯಿಗೆ ಬಂತು. ಅವಳನ್ನು ಹೊತ್ತು ಓಡಿ, ತಾನೇ ಹಾಕಿದ್ದ ಚಿಲಕವನ್ನು ತೆಗೆದ.

ಪದ್ಮಾವತಿ ತನ್ನ ಹುಬ್ಬಿನ ರಕ್ತ ಒರೆಸಿಕೊಳ್ಳಲೂ ನಿಲ್ಲದೆ ಇಂಚರಾಳ ಮೂಗಿಗೆ ಹತ್ತಿ ತುರುಕಿದಳು. ಸತ್ಯಪ್ಪನಿಂದ ಫೋನು ಇಸಿದುಕೊಂಡು ಆಂಬುಲೆನ್ಸ್‌ ಕರೆದು, ಅಂಗಿಯ ತೋಳು ಕತ್ತರಿಸಿದಳು. ಮೈತುಂಬ ನೀಲಿ ಕಲೆಗಳು.

“ಇದರಾಗ ನಿಮ್ಮ ಬೆತ್ತದ್ದು ಯಾವು, ತೋರಸ್ರಿ,” ಎಂದಳು.

ಸತ್ಯಪ್ಪ ತೊಡೆಯ ಮೇಲಿನ ಐದನ್ನು ತೋರಿಸಿದ. ಉಳಿದವು ಇಪ್ಪತ್ತರ ಮೇಲಿದ್ದವು, ಪೆಟ್ಟಿಲ್ಲದೆ ರೋಗದಿಂದಲೇ ಮೂಡಿದವು, ಹೆಚ್ಚಿನವು ಒಳತೋಳಿನಲ್ಲಿ. ಒಳತೋಳಿಗೆ ಬೆತ್ತ ಮುಟ್ಟಿಸಬಾರದು ಎಂಬುದು ಅವರ ಗರಡಿಯ ಕಟ್ಟಳೆ, ಅದನ್ನು ಅವನು ಎಂದೂ ಮೀರಿದವನಲ್ಲ. ಪಟ್ಟು ಕಲಿಸುವಾಗ ಆ ತೋಳನ್ನು ದಿನಾ ಹಿಡಿದಿದ್ದ, ದಿನಾ ಆ ನೀಲಿಯನ್ನು ಕಂಡಿದ್ದ.

“ಮೊದಲ ಯಾಕ ಹೇಳಲಿಲ್ಲವ್ವಾ?” ಎಂದ ಸತ್ಯಪ್ಪ.

ಇಂಚರಾ ಕಷ್ಟಪಟ್ಟು ಕಣ್ಣು ತೆರೆದಳು. “ಏನಂತ ಹೇಳ್ಲಿ ದೊಡ್ಡಪ್ಪಾ? ಎಲ್ಲಾ ನೀ ಹೊಡದದ್ದ ಅನ್ಕೊಂಡಿದ್ದೆ. ಅವ್ವನೂ ಹಂಗ ಅಂದ್ಲು.”

ಅವಳು ಉಳಿದಳು, ಮತ್ತೆ ಮಣ್ಣಿಗಿಳಿಯಲಿಲ್ಲ. ಸತ್ಯಪ್ಪನಿಗೆ ಎರಡು ವರ್ಷ ಜೈಲಾಯಿತು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತ ಪದ್ಮಾವತಿ, ಉಂಗುರ ತೊಡಿಸುವ ಮುಂಚೆ ಈಗ ಒಂದು ಪ್ರಶ್ನೆ ಕೇಳುವುದನ್ನು ಕಡ್ಡಾಯ ಮಾಡಿದ್ದೇನೆ ಎಂದಳು: ‘ನಿನ್ನನ್ನು ಯಾರಾದರೂ ಹೊಡೆಯುತ್ತಾರೆಯೇ?’ ಹೊಡೆತ ವಾಡಿಕೆಯಾದ ಕಡೆ ರೋಗಕ್ಕೆ ಅಡಗಲು ಜಾಗ ಹುಡುಕಬೇಕಾಗಿಲ್ಲ ಎಂಬುದು ಅವಳ ವಿವರಣೆ. ಕಟಕಟೆಯಲ್ಲಿ ನಿಂತಿದ್ದ ಸತ್ಯಪ್ಪನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಪ್ರಶ್ನೆ ಕೇಳಲು ಉಂಗುರ ಬೇಕಿರಲಿಲ್ಲ, 2061ರತನಕ ಕಾಯಬೇಕಾಗಿಯೂ ಇರಲಿಲ್ಲ.