ರಿಸ್ಸಾನಿಯ ನಲವತ್ತು ನಳಿಕೆಗಳು

2019ರ ನವೆಂಬರ್ 8, ಶುಕ್ರವಾರ, ಸಂಜೆ 4.20. ಖರ್ಜೂರ ಸಂಶೋಧನಾ ಕೇಂದ್ರದ ನಿರ್ದೇಶಕ ಡಾ. ತಹ್ಲಿ, ರಿಸ್ಸಾನಿ ಊರಿನ ಪೊಲೀಸ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಬೇರಿಗೆ ಶಿಲೀಂಧ್ರ ಹತ್ತಿ ಖರ್ಜೂರದ ಮರ ಒಣಗಿಸುವ ಬಯೂದ್ ರೋಗದಿಂದ ಮರಗಳನ್ನು ಕಾಯಲೆಂದು ತೋಟದ ಮಣ್ಣಿನಿಂದ ಬೇರ್ಪಡಿಸಿದ್ದ ಬ್ಯಾಕ್ಟೀರಿಯಾದ ನಲವತ್ತು ನಳಿಕೆಗಳನ್ನು ಯಾರೋ ಹಾಳು ಮಾಡಿದ್ದರು. ಸೋಮವಾರ ರಾಜಧಾನಿ ರಬಾತ್‌ನಿಂದ ಪರೀಕ್ಷಕರು ಬಂದು ಅದರ ವಂಶವಾಹಿಯನ್ನು ಓದುವವರಿದ್ದರು.

ಇನ್‌ಸ್ಪೆಕ್ಟರ್ ಝಾಯಿದ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಯಾಮ್ನಾಳೊಂದಿಗೆ ಕೇಂದ್ರಕ್ಕೆ ಹೊರಟರು. 5.10ಕ್ಕೆ ಪಂಚನಾಮೆ ಶುರುವಾಯಿತು. ನಳಿಕೆಗಳು ಹಬೆಯಲ್ಲಿ ಬೇಯಿಸುವ ಯಂತ್ರ ಆಟೋಕ್ಲೇವ್‌ನ ಬುಟ್ಟಿಯಲ್ಲೇ ಇದ್ದವು. ಯಂತ್ರದ ಚೀಟಿಯಲ್ಲಿ ಸಮಯ ಅಂದಿನ ಮಧ್ಯಾಹ್ನ 1.38.

“ಕದಿಯೋಕೆ ಬಂದವ್ನು ಬೇಯಿಸಿಟ್ಟು ಹೋಗ್ತಾನಾ?” ಝಾಯಿದ್ ತಹ್ಲಿಯವರನ್ನು ಕೇಳಿದರು.

“ಸಾಯಿಸೋಕೇ ಬಂದಿದಾರೆ ಸಾಹೇಬ್ರೆ. ಬರೀ ಕುದಿಸಿದ್ರೆ ಇದು ಸಾಯಲ್ಲ. ಕಷ್ಟ ಬಂದ್ರೆ ಗಟ್ಟಿ ಚಿಪ್ಪು ಕಟ್ಕೊಂಡು ಬೀಜದ ಥರ ಮಲಗಿಬಿಡುತ್ತೆ. ಒತ್ತಡದ ಹಬೆನೇ ಬೇಕು.”

“ಹಾಗಾದ್ರೆ ಒಳಗಿನವ್ರೇ. 1.38ಕ್ಕೆ ನೀವೆಲ್ಲ ಎಲ್ಲಿದ್ರಿ?”

“ನಮಾಜು ಮುಗಿಸಿ ಊಟಕ್ಕೆ, ಶುಕ್ರವಾರದ ಕುಸ್‌ಕುಸ್ ತಟ್ಟೆ ಸುತ್ತ.”

“ಯಾರು ಕೂತಿರ್ಲಿಲ್ಲ?”

“ಲಲ್ಲಾ ಬತೂಲ್. ಉಪವಾಸ ಅಂದ್ರು.”

ಎಲ್ಲರೂ ಗೌರವದಿಂದ ‘ಲಲ್ಲಾ’ ಎನ್ನುತ್ತಿದ್ದ ಬತೂಲ್ ಅಲ್ಲಿ ಮೂವತ್ತೊಂದು ವರ್ಷಗಳಿಂದ ತಂತ್ರಜ್ಞೆ. ರಮ್ಜಾನ್‌ನಲ್ಲಿ ಮುಟ್ಟಿನಿಂದ ಬಿಟ್ಟುಹೋದ ಉಪವಾಸಗಳನ್ನು ಹೆಂಗಸರು ಆಮೇಲೆ ಹಿಡಿದು ತೀರಿಸುತ್ತಾರೆ. ಗಂಡಸರಾರೂ ಕಾರಣ ಕೇಳುವುದಿಲ್ಲ. ಝಾಯಿದ್ ಕೂಡ ಕೇಳಲಿಲ್ಲ, ಯಾಮ್ನಾಳನ್ನು ಒಳಗೆ ಕಳಿಸಿದರು.

“ಲಲ್ಲಾ, ಎಷ್ಟು ದಿನ ಬಾಕಿ ಇತ್ತು?”

“ಏಳು.”

“ರಮ್ಜಾನ್‌ನಲ್ಲಿ ಕಾಯಿಲೆ ಬಿದ್ದಿದ್ರಾ? ಊರಿಗೆ ಹೋಗಿದ್ರಾ?”

“ಇಲ್ಲಮ್ಮ.”

ಗುರುತಿನ ಚೀಟಿಯಲ್ಲಿ ಹುಟ್ಟಿದ ವರ್ಷ 1961 ಎಂದಿತ್ತು. ಯಾಮ್ನಾ ಲೆಕ್ಕ ಹಾಕಿದಳು: ಐವತ್ತೆಂಟು, ಮುಟ್ಟು ನಿಲ್ಲುವ ವಯಸ್ಸು ದಾಟಿತ್ತು. ತಾಯಿಯ ವಯಸ್ಸಿನವರನ್ನು ಇಂಥ ಲೆಕ್ಕ ಕೇಳಿದ್ದಕ್ಕೆ ಅವಳ ಮುಖವೇ ಬಿಸಿಯಾಯಿತು.

ಸುಳ್ಳು ಸಿಕ್ಕಿತು, ಕಾರಣ ಸಿಗಲಿಲ್ಲ. ಉಗ್ರಾಣದಲ್ಲಿ, ಅದೇ ನಳಿಕೆಗಳ ಬ್ಯಾಕ್ಟೀರಿಯಾದಿಂದ ಮಾಡಿ ರೈತರಿಗೆ ಹಂಚಿದ್ದ ಪುಡಿಯ ಆರು ವರ್ಷ ಹಳೆಯ ಪೊಟ್ಟಣವೊಂದು ಉಳಿದಿತ್ತು. ಅದನ್ನು ಜಪ್ತಿ ಮಾಡಿ, ಅದರಲ್ಲೇನಿದೆ ನೋಡಲು ಪಂಚರ ಎದುರಿಗೇ ಪ್ರಯೋಗಾಲಯದ ಎರಡು ತಟ್ಟೆಗಳಲ್ಲಿ ಬಿತ್ತಿಸಿದರು. ಭಾನುವಾರ ಸಂಜೆ ತಟ್ಟೆಗಳನ್ನು ನೋಡಿದ ತಹ್ಲಿ ಕುರ್ಚಿ ಎಳೆದುಕೊಂಡು ಕೂತರು.

“ನಮ್ಮ ತೋಟದ್ದು ಬರೀ ಉಪ್ಪು, ಸಕ್ಕರೆಯಲ್ಲೇ ಬೆಳೆಯುತ್ತೆ. ಇದು ಆ ತಟ್ಟೇಲಿ ಏಳ್ಲೇ ಇಲ್ಲ. ಅಮೈನೋ ಆಮ್ಲ ಬೆರೆಸಿ ಉಣಿಸಿದ ತಟ್ಟೇಲಿ ಮಾತ್ರ ಎದ್ದಿದೆ. ಇದು ಜೀನ್ ಬದಲಿಸೋ ಪಾಠಕ್ಕೆ ಲ್ಯಾಬಲ್ಲಿ ಇಟ್ಕೊಳ್ಳೋ ಸಾಕಿದ ತಳಿ ಸಾಹೇಬ್ರೆ. ಬಯೂದ್ ಶಿಲೀಂಧ್ರಾನ ಕೊಲ್ಲೋ ಶಕ್ತಿ ಇದಕ್ಕಿಲ್ಲ.”

“ಆರು ವರ್ಷ ರೈತರು ಬೇರಿಗೆ ಹಾಕಿದ್ದು?”

“ಇದನ್ನೇ.”

ನವೆಂಬರ್ 11, ಬೆಳಿಗ್ಗೆ 8.30ಕ್ಕೆ ಬತೂಲ್ ಅವರನ್ನು ಬಂಧಿಸಲಾಯಿತು. ಅವರು ಏನನ್ನೂ ಅಲ್ಲಗಳೆಯಲಿಲ್ಲ. 2013ರಲ್ಲಿ ಒಂದು ಮಧ್ಯಾಹ್ನ, ಎರಡು ನಳಿಕೆಗಳ ನಡುವೆ ತಂತಿಯನ್ನು ಬೆಂಕಿಗೆ ಹಿಡಿಯದೆ ಅದ್ದಿದ್ದರು; ಪಾಠದ ತಳಿ ತೋಟದ ತಳಿಯ ನಳಿಕೆಗೆ ದಾಟಿತ್ತು. ಎರಡು ತಿಂಗಳ ಮೇಲೆ ಗೊತ್ತಾಗಿತ್ತು. ಅಷ್ಟರಲ್ಲಿ ಪುಡಿ ಹಳ್ಳಿ ಸೇರಿತ್ತು. ಈಗ ಪರೀಕ್ಷಕರು ವಂಶವಾಹಿ ಓದಿದರೆ ಅದು ಹೊರಬೀಳುತ್ತಿತ್ತು.

“ಆಗ್ಲೇ ಹೇಳ್ಬಹುದಿತ್ತಲ್ಲ ಲಲ್ಲಾ?” ಯಾಮ್ನಾ ಕೇಳಿದಳು.

“ನಾಳೆ ಹೇಳೋಣ ಅಂದ್ಕೊಂಡೆ. ಮೂರನೇ ವರ್ಷ ‘ಬಾ ಅದ್ದಿ’ ಅನ್ನೋ ಹೆಸರಿನ ಒಬ್ಬ ಮುದುಕ ರೈತ ಬಂದ. ಹದಿನೇಳು ಮರ ಒಣಗಿ ಹೋಗಿತ್ತು ಅವನದು. ‘ಪುಡಿ ಕಲಸೋದ್ರಲ್ಲಿ ನಾನೇ ಏನೋ ತಪ್ಪು ಮಾಡ್ದೆ ಮಗಳೇ, ನಿಮ್ಮ ಶ್ರಮ ಹಾಳಾಯ್ತು, ಕ್ಷಮಿಸು’ ಅಂದ.”

“ನೀವೇನಂದ್ರಿ?”

“ಕ್ಷಮಿಸಿದೀನಿ ಅಂದೆ.”

ಯಾಮ್ನಾ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು. ಕೆಳಗೆ ಸಹಿ ಹಾಕುವಾಗ ಬತೂಲ್ ಆ ಸಾಲಿನ ಮೇಲೆ ಎಡಗೈ ಇಟ್ಟು ಮುಚ್ಚಿಕೊಂಡಿದ್ದರು.