ನಿಂತು ಮಾತಾಡುವ ಹೊತ್ತು

"ಮಾತಾಡ್ರೋ, ಮಾತಾಡಿ. ಬಾಯಿಗೇನು ಬೀಗ ಹಾಕ್ಕೊಂಡಿದೀರಾ?" ಎಂದು ಮಿಗ್ದಾಲಿಯಾ ಟೀಚರ್ ಚಪ್ಪಾಳೆ ತಟ್ಟಿದರು.

ಕೆನಿಯಾ ಬೀಸಣಿಗೆ ಬಿಚ್ಚಿ ಗಾಳಿ ಹಾಕಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಒಸ್ಮೆಲ್ ಕಿಟಕಿಯಾಚೆ ನೋಡುತ್ತ ತುಟಿ ಅಲ್ಲಾಡಿಸಿದ.

"ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ಏಳ್ಮೂರ್ಲೆ ಇಪ್ಪತ್ತೊಂದು."

ದೂರದಿಂದ ನೋಡಿದವರಿಗೆ ಇಬ್ಬರೂ ಹರಟೆ ಹೊಡೆಯುತ್ತಿದ್ದಾರೆ ಅನ್ನಿಸಬೇಕು. ಟೀಚರಿಗೂ ಹಾಗೇ ಅನ್ನಿಸಿತು. "ಹಾಂ, ಹಂಗೆ" ಎಂದು ಮುಂದಿನ ಜೋಡಿಯ ಕಡೆ ಹೋದರು.

ದನ್ಸೋನ್ ಕುಣಿತವೇ ಹಾಗೆ. ಕ್ಯೂಬಾದ ಮತಾನ್ಸಾಸ್ ಊರಿನಲ್ಲಿ ಹುಟ್ಟಿದ ಕುಣಿತ ಅದು. ಸ್ವಲ್ಪ ಕುಣಿಯಬೇಕು, ಆಮೇಲೆ ನಿಲ್ಲಬೇಕು. ಮೊದಲು ನುಡಿಸಿದ ರಾಗವೇ ಮತ್ತೆ ಬಂತೆಂದರೆ ಅದು ವಿರಾಮ. ಆಗ ತೋಳಿಗೆ ತೋಳು ಸೇರಿಸಿ, ವಾದ್ಯದವರ ಕಡೆ ತಿರುಗಿ, ಗಾಳಿ ಬೀಸಿಕೊಳ್ಳುತ್ತ ಜೊತೆಗಾರನೊಡನೆ ಮಾತಾಡಬೇಕು. ರಾಗ ಮುಗಿದ ಮೇಲೆ ಮತ್ತೆ ಹೆಜ್ಜೆ. ಮತಾನ್ಸಾಸ್‌ನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು.

ಆದರೆ ಮಾತು ಬಿಟ್ಟವರು ಏನು ಮಾತಾಡುವುದು?

ತಪ್ಪು ಕೆನಿಯಾಳದೇ. ಹಿಂದಿನ ಶನಿವಾರ ವಿರಾಮ ಬಂದದ್ದು ಅವಳಿಗೆ ತಿಳಿಯಲಿಲ್ಲ. ಎಲ್ಲರೂ ನಿಂತರೂ ಇವಳೊಬ್ಬಳು ಕುಣಿಯುತ್ತಲೇ ಇದ್ದಳು.

"ಲೇ ಕೆನಿಯಾ, ಬ್ರೇಕ್ ಫೇಲಾಯ್ತೇನೇ?" ಎಂದ ಒಸ್ಮೆಲ್. ಇಡೀ ಹಾಲ್ ನಕ್ಕಿತು. ಕೆನಿಯಾಳ ಕಿವಿ ಬಿಸಿಯಾಯಿತು.

"ನಾನಂತೂ ಅಮ್ಮನ ಶೂ ಹಾಕ್ಕೊಂಡು ಬಂದಿಲ್ಲಪ್ಪ" ಎಂದುಬಿಟ್ಟಳು.

ಅದು ನಿಜ. ಅವನ ಅಳತೆಯ ಕಪ್ಪು ಶೂ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಅವನಮ್ಮ ತನ್ನ ಮದುವೆಯ ಬಿಳಿ ಶೂಗಳ ಹೀಲ್ಸ್ ಕೊಯ್ಸಿ, ಕಪ್ಪು ಪಾಲಿಶ್ ಬಳಿದುಕೊಟ್ಟಿದ್ದರು. ಹೀಲ್ಸ್ ಹೋದದ್ದರಿಂದ ಅವುಗಳ ಮೂತಿ ಆಕಾಶ ನೋಡುತ್ತಿತ್ತು. ಇಬ್ಬರದೂ ಒಂದೇ ವಠಾರ, ಹಾಗಾಗಿ ಕೆನಿಯಾ ಇದನ್ನೆಲ್ಲ ಕಂಡಿದ್ದಳು. "ಯಾರ್ಗೂ ಹೇಳ್ಬೇಡ" ಎಂದಿದ್ದ ಒಸ್ಮೆಲ್. "ಹೇಳಲ್ಲ ಕಣೋ" ಎಂದಿದ್ದಳು ಅವಳು.

ಆವತ್ತಿನಿಂದ ಒಸ್ಮೆಲ್ ಅವಳ ಮುಖ ನೋಡುವುದನ್ನೇ ಬಿಟ್ಟಿದ್ದ.

ಪ್ರಾಕ್ಟೀಸ್ ಮುಗಿಸಿ ಬಂದಾಗ ಮನೆಯಲ್ಲಿ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೆನಿಯಾ ಹೋಗಿ ಪಕ್ಕದಲ್ಲಿ ಕೂತಳು.

"ಅಜ್ಜಿ, ನೀನೂ ತಾತನೂ ದನ್ಸೋನ್ ಕುಣಿಯೋವಾಗ, ನಡುವೆ ನಿಂತ್ಕೊಂಡು ಏನು ಮಾತಾಡ್ತಿದ್ರಿ?"

"ಜಗಳ ಆಡ್ತಿದ್ವಿ."

"ಅಲ್ಲೂನಾ?"

"ಮತ್ತೆ? ಮನೇಲಿ ಬೈದ್ರೆ ನಿಮ್ಮ ತಾತ ಟೋಪಿ ಹಾಕ್ಕೊಂಡು ಆಚೆ ಹೋಗ್ಬಿಡೋರು. ಅಲ್ಲಿ ನಾನು ತೋಳು ಹಿಡ್ಕೊಂಡಿರ್ತಿದ್ನಲ್ಲ, ಎಲ್ಲಿಗೆ ಹೋಗ್ತಾರೆ? ಪಾಪ, ಕೇಳಿಸ್ಕೊಳ್ಲೇಬೇಕಿತ್ತು." ಅಜ್ಜಿ ತಮ್ಮಷ್ಟಕ್ಕೆ ನಕ್ಕು ಒಂದು ಕಲ್ಲನ್ನು ಆಚೆ ಎಸೆದರು.

ಭಾನುವಾರ ಸಂಜೆ ಬಡಾವಣೆಯ ಕಲಾ ಹಬ್ಬ. ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಬೇಕರಿಯ ಗೋಡೆ ತುಂಬ ದೊಡ್ಡವರೂ ಮಕ್ಕಳೂ ಸೇರಿ ನೀಲಿ ಹುಂಜ ಬರೆಯುತ್ತಿದ್ದರು. ಮೂಲೆಯಲ್ಲಿ ಡೋಲು, ಬಾದಾಮಿ ಮರದ ಕೆಳಗೆ ಪದ್ಯ ಕಟ್ಟಿ ಹಾಡುವವರ ಪೈಪೋಟಿ. ಅಜ್ಜಿ ಮನೆಯಿಂದ ತೂಗುಕುರ್ಚಿಯನ್ನೇ ಹೊರಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಕೆನಿಯಾಳ ಸ್ಕೂಲಿನ ಕ್ಲಾಸಿನವರೆಲ್ಲ ಪೊಟ್ಟಣದ ಕಡಲೆಬೀಜ ತಿನ್ನುತ್ತಿದ್ದರು.

ಕೊಳಲು ಶುರುವಾಯಿತು. ಪಿಟೀಲು ಸೇರಿತು. ಸೋರೆಬುರುಡೆ ಗೀರುವವನು ಕರಕರ ಎಂದು ತಾಳ ಹಿಡಿದ. ಮೊದಲ ರಾಗಕ್ಕೆ ಕುಣಿತವಿಲ್ಲ, ಜೋಡಿಗಳೆಲ್ಲ ತೋಳು ಸೇರಿಸಿ ನಿಂತವು.

"ಒಸ್ಮೆಲ್" ಎಂದಳು ಕೆನಿಯಾ. ಅವನು ಇವತ್ತು ಮಗ್ಗಿ ಕೂಡ ಹೇಳಲಿಲ್ಲ.

ಆಮೇಲೆ ಕುಣಿದರು. ಒಂದೇ ಇಟ್ಟಿಗೆಯ ಮೇಲೆ ಕುಣಿದ ಹಾಗೆ ಪುಟ್ಟ ಪುಟ್ಟ ಹೆಜ್ಜೆ. ಚೆನ್ನಾಗಿಯೇ ನಡೆದಿತ್ತು. ಒಂದು ತಿರುವಿನಲ್ಲಿ ಪರ್ ಎಂದು ಏನೋ ಹರಿದ ಸದ್ದು. ಅಷ್ಟರಲ್ಲಿ ವಿರಾಮ ಬಂತು, ಎಲ್ಲರೂ ನಿಂತರು.

ಕೆನಿಯಾ ಕೆಳಗೆ ನೋಡಿದಳು. ಒಸ್ಮೆಲ್‌ನ ಬಲಗಾಲಿನ ಶೂ ಬಾಯಿ ತೆರೆದಿತ್ತು. ಅಟ್ಟೆ ಮುಂದಿನಿಂದ ಕಿತ್ತುಬಂದು, ಪಾಲಿಶ್ ತಾಗದ ಬಿಳಿ ಒಳಮೈ ಕಾಣುತ್ತಿತ್ತು.

"ಹೆಜ್ಜೆ ಎತ್ತಿದ್ರೆ ಪೂರ್ತಿ ಕಿತ್ತೋಗುತ್ತೆ. ಎಲ್ರೂ ನೋಡ್ತಾರೆ" ಎಂದ ಒಸ್ಮೆಲ್. ಮಾತು ಬಿಟ್ಟ ಮೇಲೆ ಅವಳೊಡನೆ ಅವನು ಆಡಿದ ಮೊದಲ ಮಾತು ಅದು.

ಕೆನಿಯಾ ಅರ್ಧ ಹೆಜ್ಜೆ ಅವನ ಕಡೆ ಸರಿದಳು. ಅವಳ ಉದ್ದ ಲಂಗದ ನೆರಿಗೆ ಅವನ ಶೂ ಮೇಲೆ ಬಿತ್ತು.

ರಾಗ ಮುಗಿಯಿತು. ಉಳಿದ ಜೋಡಿಗಳು ಕುಣಿಯತೊಡಗಿದವು. ಕೆನಿಯಾ ಕದಲಲಿಲ್ಲ. ಬೀಸಣಿಗೆ ಬೀಸುತ್ತಲೇ ಇದ್ದಳು.

"ಏನ್ ಮಾಡ್ತಿದೀಯೇ?" ಎಂದ ಒಸ್ಮೆಲ್ ಗಾಬರಿಯಿಂದ.

"ಮಾತಾಡು. ಮಾತಾಡ್ತಾ ಮರ್ತುಹೋದೋರ ಥರ ಇರೋಣ."

"ಏನು ಮಾತಾಡ್ಲಿ?"

"ಏನಾದ್ರೂ. ನಂಗೆ ಬೈ."

"ನೀನು ಬಾಯಿಬಡುಕಿ" ಎಂದ.

"ಹೂಂ."

"ನಿನ್ನ ಹತ್ರ ಏನೂ ಹೇಳೋ ಹಂಗಿಲ್ಲ."

"ಹೂಂ."

"ಆವತ್ತು ಮನೆಗೆ ಹೋದ ತಕ್ಷಣ ಅಮ್ಮ ಕೇಳಿದ್ರು, ಶೂ ಎಲ್ರಿಗೂ ಇಷ್ಟ ಆಯ್ತೇನೋ ಅಂತ."

ಕೆನಿಯಾಳ ಬೀಸಣಿಗೆ ನಿಂತಿತು. "ನೀನೇನಂದೆ?"

"ಆಯ್ತು ಅಂದೆ."

ಅವಳಿಗೆ ಅಳು ಬಂತು. "ಸಾರಿ ಕಣೋ" ಎಂದಳು. ಅವನು ತೋಳು ಬಿಡಲಿಲ್ಲ.

"ಏ ಹುಡುಗಿ, ನಿನ್ನ ಹರಟೆ ಮುಗೀತೇನಮ್ಮಾ?" ಎಂದು ಜನರ ನಡುವಿನಿಂದ ಯಾರೋ ಕೂಗಿದರು. ಬೀದಿಯೆಲ್ಲ ನಕ್ಕಿತು. ಕ್ಲಾಸಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಗ್ದಾಲಿಯಾ ಟೀಚರ್ ಹಣೆ ಚಚ್ಚಿಕೊಂಡರು. ಅಜ್ಜಿ ಮಾತ್ರ ಕುರ್ಚಿ ತೂಗುವುದನ್ನು ನಿಲ್ಲಿಸಿ ಮೊಮ್ಮಗಳನ್ನೇ ನೋಡುತ್ತಿದ್ದರು.

ಓಡಿಹೋಗಬೇಕು ಅನ್ನಿಸಿತು ಕೆನಿಯಾಗೆ. ಓಡಿದರೆ ಲಂಗವೂ ಓಡುತ್ತದೆ. ಅವಳು ಸಂಗೀತ ನಿಲ್ಲುವವರೆಗೂ ಅಲ್ಲೇ ನಿಂತಳು. ಆಮೇಲೆ ಇಬ್ಬರೂ ತೋಳು ಹಿಡಿದು ನಿಧಾನವಾಗಿ ಹೊರಬಂದರು, ಒಸ್ಮೆಲ್ ಬಲಗಾಲನ್ನು ನೆಲಕ್ಕೆ ಸವರುತ್ತ.

"ಏನಾಗಿತ್ತೇ ನಿಂಗೆ?" ಟೀಚರ್ ಓಡಿಬಂದರು. "ಪ್ರಾಕ್ಟೀಸ್‌ನಲ್ಲಿ ಮಾತಾಡು ಅಂದ್ರೆ ಆಡಲ್ಲ, ಇವತ್ತು ನಿಲ್ಸಲ್ಲ."

"ಟೀಚರ್, ಅದು ನನ್ನ..." ಎಂದು ಒಸ್ಮೆಲ್ ಬಾಯಿ ತೆರೆದ.

"ನಂದೇ ತಪ್ಪು ಟೀಚರ್. ಮಾತಾಡ್ತಾ ಮರ್ತುಬಿಟ್ಟೆ" ಎಂದಳು ಕೆನಿಯಾ.

ಬೇಕರಿಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಆ ಕಡೆ ಹಾದುಹೋದ ಕ್ಲಾಸಿನ ಹುಡುಗರು "ಏ ಹರಟೆಮಲ್ಲಿ" ಎಂದು ಕೂಗಿ, ಮರುಗಳಿಗೆಯೇ ಅದನ್ನು ಮರೆತು ಡೋಲಿನ ಕಡೆ ಓಡಿದರು. ಕೆನಿಯಾಗೆ ಮಾತ್ರ ಅದು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ನಕ್ಕವರಿಗೆ ಅದು ಒಂದು ಗಳಿಗೆಯ ಮಾತು. ಆವತ್ತು ಒಸ್ಮೆಲ್ ಇಂಥದೇ ಚುಚ್ಚುಮಾತನ್ನು ಮನೆವರೆಗೂ ಹೊತ್ತುಕೊಂಡು ಹೋಗಿದ್ದ, ಅಮ್ಮನ ಎದುರು ನಿಂತಿದ್ದ.

"ನಾಳೆ ಸ್ಕೂಲಲ್ಲೂ ಹಂಗೇ ಕರೀತಾರೆ" ಎಂದ ಒಸ್ಮೆಲ್.

"ಕರೀಲಿ ಬಿಡು."

ಅಷ್ಟರಲ್ಲಿ ಒಸ್ಮೆಲ್‌ನ ಅಮ್ಮ ಜನರನ್ನು ಸರಿಸಿಕೊಂಡು ಬಂದರು. ಆಸ್ಪತ್ರೆಯ ಡ್ಯೂಟಿಯಿಂದ ನೇರ ಬಂದಿದ್ದರು, ನರ್ಸ್ ಬಟ್ಟೆಯಲ್ಲೇ ಇದ್ದರು.

"ಬಸ್ಸೇ ಸಿಗ್ಲಿಲ್ಲ ಕಣೋ ಕಂದ. ಕೊನೇಲಿ ನೀವಿಬ್ರೂ ನಿಂತಿದ್ದಷ್ಟೇ ನೋಡ್ದೆ. ಹೇಗಾಯ್ತು?"

ಒಸ್ಮೆಲ್ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಅವರು ಕೆನಿಯಾಳ ಕಡೆ ತಿರುಗಿದರು. "ನೀನಾದ್ರೂ ಹೇಳೇ. ಶೂ ಕಾಲಿಗೆ ಸರಿಹೋಯ್ತಾ ಇವನಿಗೆ?"

ಕೆನಿಯಾಳ ನಾಲಗೆಯ ತುದಿಯವರೆಗೆ ಉತ್ತರ ಬಂದಿತ್ತು. ಸುಳ್ಳೂ ಬಂದಿತ್ತು, ನಿಜವೂ ಬಂದಿತ್ತು. ಅವಳು ಒಸ್ಮೆಲ್‌ನನ್ನು ನೋಡಿದಳು. ಅದು ಅವನ ಅಮ್ಮ, ಅವನ ಶೂ, ಅವನು ಹೇಳಬೇಕಾದ ಮಾತು.

ಅವಳು ಸ್ವಲ್ಪ ಸರಿದು, ಅವನ ಪಕ್ಕದಲ್ಲಿ ಅವನಮ್ಮನಿಗೆ ಕೂರಲು ಜಾಗ ಬಿಟ್ಟಳು.