ಸತ್ತ ಸವತಿಯ ಜೀವನಚರಿತ್ರೆ

ನನ್ನ ಸವತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆದರೂ ಸಂಜೆಯಾದರೆ ಸಾಕು, ನಮ್ಮ ಥಿಯೇಟರಿನ ಪರದೆ ತುಂಬ ಕಣ್ಣರಳಿಸಿಕೊಂಡು ಬಂದುಬಿಡುತ್ತಿದ್ದಳು. ಹೆಸರು ಲೆನೋರ್ ಕ್ವೇಡ್. ಕಪ್ಪು-ಬಿಳುಪು ಕಾಲದ ಹಾಲಿವುಡ್ ರಾಣಿ. ಒಬ್ಬನಾದ ಮೇಲೊಬ್ಬ ಗಂಡ, ಕುಡಿತ, ನಿದ್ದೆಮಾತ್ರೆ, ನಡುವಯಸ್ಸಿಗೇ ಸಾವು.

ಸವತಿ ಎನ್ನಲು ನನಗೇನೂ ಮದುವೆಯಾಗಿರಲಿಲ್ಲ ಬಿಡಿ. ನಾನು ವಿಲ್ಮಾ, ಲಾಸ್ ಏಂಜಲೀಸ್‌ನಲ್ಲಿ ಬರೀ ಹಳೇ ಸಿನಿಮಾ ಹಾಕುವ ಥಿಯೇಟರೊಂದರಲ್ಲಿ ಟಿಕೆಟ್ ಕೊಡುವವಳು. ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಸುವವನು ಓರಿನ್. ಷೋ ಮುಗಿದ ಮೇಲೆ ಇಳಿದು ಬಂದು ನನ್ನ ಕಿಟಕಿಗೆ ಮೊಣಕೈ ಊರಿ ನಿಲ್ಲುತ್ತಿದ್ದ. ಹಣೆಯ ಮೇಲೆ ಕೂದಲು, ತುಟಿಯಂಚಿನಲ್ಲಿ ನಗು. ನಾನು ಎಣಿಸಿದ ಚಿಲ್ಲರೆಯನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದೆ.

"ವಿಲ್ಮಾ, ಮೂರನೇ ರೀಲಲ್ಲಿ ಅವಳು ಗ್ಲೌಸ್ ಬಿಚ್ಚೋದು ನೋಡಿದ್ಯಾ?"

"ಸೆಖೆ ಆಗಿರತ್ತೆ, ಬಿಚ್ಚಿರ್ತಾಳೆ."

"ನಿಂಗೆ ಹೃದಯಾನೇ ಇಲ್ಲ ಕಣೇ!"

ಇತ್ತು. ಅದೇ ತಾನೆ ತೊಂದರೆ!

ಒಂದು ದಿನ ಹೊಸ ಹಳದಿ ಫ್ರಾಕ್ ಹಾಕಿಕೊಂಡು ಹೋಗಿದ್ದೆ. ಓರಿನ್ ನೋಡಿದ. ನೋಡುತ್ತಲೇ ಇದ್ದ. ಕೆನ್ನೆ ಬಿಸಿಯಾಗಿ ನಾನು ಚಿಲ್ಲರೆ ಕೆಳಗೆ ಚೆಲ್ಲಿದೆ. ಆಗ ಮಹಾರಾಯ ಬಾಯಿ ಬಿಟ್ಟ: "ಲೆನೋರ್‌ದೂ ಇಂಥದ್ದೇ ಒಂದಿತ್ತು, ಅಲ್ವಾ?" ಕಪ್ಪು-ಬಿಳುಪು ಸಿನಿಮಾದಲ್ಲಿ ಇವನಿಗೆ ಹಳದಿ ಹೇಗೆ ಕಂಡಿತೋ ಆ ದೇವರೇ ಬಲ್ಲ! ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬದುಕಿರುವವಳಾದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಸತ್ತವಳಿಗೆ ವಯಸ್ಸೂ ಆಗುವುದಿಲ್ಲ.

ಅದೇ ವಾರ ನಮ್ಮ ಮಾಲೀಕರು ಸ್ಯಾನ್ ಡಿಯೇಗೊದಲ್ಲಿ ಇನ್ನೊಂದು ಥಿಯೇಟರ್ ತೆರೆಯುವುದಾಗಿ ಹೇಳಿ, ನನ್ನನ್ನು ಅಲ್ಲಿಗೆ ಮ್ಯಾನೇಜರ್ ಆಗಿ ಕರೆದರು. ಸೋಮವಾರ ಉತ್ತರ ಕೊಡಬೇಕಿತ್ತು. ಓರಿನ್‌ಗೆ ತಿಳಿಸಿ, 'ಹೋಗ್ಬೇಡ' ಎಂಬ ಒಂದೇ ಮಾತಿಗೆ ಕಾದು ನಿಂತೆ.

"ಒಳ್ಳೇ ಕೆಲ್ಸ," ಎಂದ. ಕಣ್ಣು ಮೇಲೆತ್ತಲಿಲ್ಲ. ಅವನ ಕೈಯಲ್ಲಿ ಅಂದೇ ಅಂಗಡಿಗೆ ಬಂದ ದಪ್ಪ ಪುಸ್ತಕವಿತ್ತು, ಲೆನೋರ್ ಕ್ವೇಡ್ ಜೀವನಚರಿತ್ರೆ. ರಟ್ಟಿನ ಮೇಲೆ ಅವಳು ನನ್ನನ್ನೇ ನೋಡಿ ನಗುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಎದುರಿನ ಹೋಟೆಲಿನಲ್ಲಿ ಅವನು ಆ್ಯಪಲ್ ಪೈ ಮುಟ್ಟದೆ ಕೂತಿದ್ದ.

"ಹೇಗಿದೆ ನಿನ್ನ ಮಹಾರಾಣಿ ಪುರಾಣ?"

"ಕಸ."

ಎದ್ದು ಕುಣಿಯಬೇಕೆನಿಸಿತು. "ಅಯ್ಯೋ ಪಾಪ," ಎಂದೆ.

"ಯಾರ ಜೊತೆ ಮಲಗಿದ್ಲು, ಎಷ್ಟು ಕುಡಿದ್ಲು, ಎಲ್ಲಿ ಬಿದ್ದಿದ್ಲು, ಬರೀ ಇದೇ. ಬೆಳಗ್ಗೆ ಎದ್ದು ಕೆಲ್ಸಕ್ಕೆ ಹೋಗ್ತಿದ್ಲು ಅನ್ನೋದೇ ಎಲ್ಲೂ ಇಲ್ಲ, ವಿಲ್ಮಾ."

ಅವನ ಧ್ವನಿ ನಡುಗಿತು. ನನಗಾಗಿ ಎಂದಾದರೂ ಹೀಗೆ ನಡುಗಿತ್ತೇ? ಪುಸ್ತಕ ಕಿತ್ತುಕೊಂಡು ಮನೆಗೆ ಒಯ್ದೆ. ಅವಳ ಮರ್ಯಾದೆ ಹರಾಜಾಗುವುದನ್ನು ಕಣ್ಣಾರೆ ಓದಿ ಖುಷಿಪಡಬೇಕಿತ್ತು. ಮೊದಲು ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಒಂದು ಕಡೆ, ಗಂಡ ಅವಳ ಕೆನ್ನೆಗೆ ಹೊಡೆದದ್ದನ್ನು ಲೇಖಕ ಜೋಕು ಮಾಡಿ ಬರೆದಿದ್ದ. ನನಗೆ ನಗು ಬರಲಿಲ್ಲ. ಛೀ, ನನ್ನ ಸವತಿಯನ್ನು ಬೈಯಲು ನಾನಿದ್ದೇನೆ, ಇವನ್ಯಾರು?

ಶನಿವಾರ ಪುಸ್ತಕದಂಗಡಿಗೆ ಆ ಲೇಖಕ ಸಹಿ ಹಾಕಿಕೊಡಲು ಬಂದಿದ್ದ. ಓರಿನ್ ಒಂದು ಪ್ರಶ್ನೆ ಕೇಳಲೇಬೇಕೆಂದು ಹೊರಟ. ನಾನೂ ಬೆನ್ನು ಹತ್ತಿದೆ. ಸಾಲಿನಲ್ಲಿ ಕಾದು ಕಾದು ಮೇಜಿನ ಹತ್ತಿರ ಬಂದೆವು.

"ಸರ್, ಅವರ ನಟನೆ ಬಗ್ಗೆ ಯಾಕೆ ಏನೂ ಬರೆದಿಲ್ಲ?"

ಲೇಖಕ ನಕ್ಕ. "ಅದನ್ನ ಯಾರು ಕೊಂಡು ಓದ್ತಾರಪ್ಪ? ಆ ಹೆಂಗಸನ್ನ ಯಾರಿಂದ್ಲೂ ಪ್ರೀತಿಸೋಕೆ ಆಗ್ತಿರಲಿಲ್ಲ. ಅದೇ ನನ್ನ ಪುಸ್ತಕದ ಸಾರ."

ಓರಿನ್ ಮುಖ ಸಣ್ಣದಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ರೀ ಸ್ವಾಮಿ, ಯಾರಿಂದ್ಲೂ ಆಗ್ತಿರಲಿಲ್ವಾ? ಇಲ್ಲಿ ನಿಂತಿದಾನಲ್ಲ, ಇವನನ್ನ ನೋಡಿ! ದಿನಾ ಅವಳದ್ದೇ ಜಪ. ಇವನ ಕಣ್ಣಿಗೆ ಬೀಳೋಕೆ ನಾನು ಪಡದ ಪಾಡಿಲ್ಲ, ಹೊಸ ಫ್ರಾಕ್ ಹಾಕ್ಕೊಂಡು ಹೋದ್ರೂ ಇವನಿಗೆ ಕಾಣೋದು ಅವಳೇ. ಸತ್ತವಳ ಮುಂದೆ ದಿನಾ ಸೋಲ್ತಿದೀನಿ ನಾನು! ಅವಳನ್ನ ಪ್ರೀತಿಸೋಕೆ ಆಗಲ್ಲ ಅಂತ ನನ್ನ ಮುಂದೆ ಹೇಳ್ಬೇಡಿ!"

ಸಾಲಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿ ನನ್ನನ್ನೇ ನೋಡಿದರು. ಆಮೇಲೆ ನಾನು ಹೇಳಿದ್ದೇನೆಂದು ನನಗೇ ಕೇಳಿಸಿತು. ಅಯ್ಯೋ, ಮಾನ ಹೋಯಿತು! ಓಡಿ ಹೊರಗೆ ಬಂದೆ. ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹಿಂದೆ ಅವನ ಬೂಟಿನ ಸದ್ದು.

"ವಿಲ್ಮಾ, ನಿಲ್ಲೇ!"

"ಏನೂ ಮಾತಾಡ್ಬೇಡ. ಸೋಮವಾರ ಮಾಲೀಕರಿಗೆ ಹೂಂ ಅಂದುಬಿಡ್ತೀನಿ, ಹೊರಟೆ ನಾನು."

"ಅವಳ ಬಗ್ಗೇನೇ ಯಾಕೆ ಮಾತಾಡ್ತಿದ್ದೆ ಗೊತ್ತಾ?" ಅವನಿಗೆ ಏದುಸಿರು. "ನಿನ್ನ ಕಿಟಕಿ ಹತ್ರ ನಿಂತ್ಕೊಳ್ಳೋಕೆ ನಂಗೆ ಬೇರೆ ನೆಪ ಇರಲಿಲ್ಲ. ಅವಳ ಹೆಸರೆತ್ತಿದ್ರೆ ನೀನು ಜಗಳಕ್ಕೆ ಬರ್ತಿದ್ದೆ. ಜಗಳ ಆಡೋವಾಗ ನೀನು... ನಿನ್ನ ಮೂಗಿನ ತುದಿ ಕೆಂಪಾಗತ್ತೆ. ಅದನ್ನ ನೋಡೋಕೇ ಮೆಟ್ಲು ಇಳಿದು ಬರ್ತಿದ್ದೆ."

"ಮತ್ತೆ 'ಒಳ್ಳೇ ಕೆಲ್ಸ' ಅಂದ್ಯಲ್ಲೋ, ಕಟುಕ!"

"ತಲೆ ಎತ್ತಿದ್ರೆ ಅತ್ತುಬಿಡ್ತಿದ್ದೆ. ಹೋಗ್ಬೇಡ, ವಿಲ್ಮಾ. ಹೋಗೋದೇ ಆದ್ರೆ ಅಲ್ಲೂ ಪ್ರೊಜೆಕ್ಟರ್ ಇರತ್ತಲ್ಲ, ನಾನೂ ಬರ್ತೀನಿ."

ಕಣ್ಣು ತುಂಬಿ ಬಂತು. ಆದರೆ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುತ್ತದೆಯೇ?

"ಒಂದು ಕೇಳ್ತೀನಿ, ನಿಜ ಹೇಳು. ಅವಳು ಚೆಂದಾನೋ, ನಾನೋ?"

ಯೋಚನೆ ಮಾಡಿದ! ನಡುಬೀದಿಯಲ್ಲಿ ನಿಂತು, ಹುಬ್ಬು ಗಂಟಿಕ್ಕಿ, ನಿಜಕ್ಕೂ ಯೋಚನೆ ಮಾಡಿದ.

"ಅವಳೇ," ಎಂದ. "ಆದ್ರೆ ಅವಳು ನಂಗೋಸ್ಕರ ಯಾವತ್ತಾದ್ರೂ ಹೊಟ್ಟೆ ಉರ್ಕೊಂಡಿದ್ಲಾ?"

ಹೊಡೆಯಲು ಕೈ ಎತ್ತಿದೆ. ಅವನು ಆ ಕೈ ಹಿಡಿದುಕೊಂಡ, ಮತ್ತೆ ಬಿಡಲೇ ಇಲ್ಲ.